ಗಂಟೆಹಾಡಿನ ಮೂಕ ಸ್ವರ

ಬಚ್ಚಲುಮನೆ ಖಾಲಿ ಇತ್ತು.

ಅದನ್ನು ನೋಡಿದ ಮೇಲೆಯೇ ಮನೆ ಮಾಮೂಲಿಗೆ ಬಂದಿದೆ ಎಂದು ಅವಳಿಗೆ ಗೊತ್ತಾದದ್ದು. ಗಂಡನನ್ನು ಕೊನೆಯ ಸಲ ಕಳಿಸಿಕೊಟ್ಟು ಬಂದ ದಿನದಿಂದ ಆ ಬಾಗಿಲ ಮುಂದೆ ಯಾರಾದರೊಬ್ಬರು ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತೇ ಇರುತ್ತಿದ್ದರು. ದೊಡ್ಡಪ್ಪ, ಚಿಕ್ಕಮ್ಮ, ಚಿಕ್ಕಮ್ಮನ ಬೀಗರು. ಒಬ್ಬೊಬ್ಬರೂ ಅವಳ ತಲೆ ಸವರಿ, "ಧೈರ್ಯ ತಂದ್ಕೋಮ್ಮ" ಎಂದು ಹೇಳಿ ಒಳಗೆ ಹೋಗಿ, ಬಿಸಿನೀರೆಲ್ಲ ಖಾಲಿ ಮಾಡಿ ಹೊರಬರುತ್ತಿದ್ದರು. ನಿನ್ನೆ ಸಂಜೆ ನೆಂಟರ ಕೊನೆಯ ಕಂತು ಬಸ್ಸು ಹತ್ತಿತ್ತು. ಇವತ್ತು ಬಿಸಿನೀರು ಬೇಕಾದಷ್ಟಿತ್ತು. ಧೈರ್ಯ ಎಷ್ಟಿದೆಯೆಂದು ಅವಳು ನೋಡಿಕೊಳ್ಳಲು ಹೋಗಲಿಲ್ಲ.

ಅಡುಗೆಮನೆಯಿಂದ ಅತ್ತೆಯ ಗುನುಗು ಕೇಳಿಸಿತು. ಅದೇ ಗಂಟೆಹಾಡು. ಯಾವಾಗಿನಂತೆ ತಪ್ಪಾಗಿ.

ಆ ಹಾಡು ಗೊತ್ತಿಲ್ಲದ ಮನೆ ಊರಲ್ಲಿರಲಿಲ್ಲ. ಮೆಟ್ಟಿಲು ಹತ್ತಿದ ಹಾಗೆ ಸ, ರಿ ಎಂದು ಮೇಲೇರುತ್ತದೆ. ಗ ಇರಬೇಕಾದ ಕಡೆ ಸುಮ್ಮನಾಗುತ್ತದೆ. ಆ ಮೌನದಲ್ಲಿ ಒಂದು ಬೆಳ್ಳಿಗಂಟೆ 'ಟಿಂಗ್' ಎನ್ನುತ್ತದೆ. ಆಮೇಲೆ ಒಂದೇ ನೆಗೆತಕ್ಕೆ ಮ. ಆ 'ಟಿಂಗ್'ಗಾಗಿಯೇ ಜನ ಹಾಡನ್ನು ತಲೆಯ ಮೇಲೆ ಹೊತ್ತು ತಿರುಗಿದ್ದರು, ಅದರ ಸಂಗೀತಗಾರರಿಗೆ ಗಂಟೆಮೇಷ್ಟ್ರು ಎಂದೇ ಹೆಸರಿಟ್ಟಿದ್ದರು. ಅತ್ತೆ ಮಾತ್ರ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ತಮ್ಮದೇ ಒಂದು ಸ್ವರ ಸೇರಿಸಿ ಸರಾಗವಾಗಿ ಹತ್ತಿ ಹೋಗುತ್ತಿದ್ದರು.

"ಅತ್ತೆ, ಅಲ್ಲಿ ನಿಲ್ಲಿಸ್ಬೇಕು."

"ಎಲ್ಲಿ?"

"ಗಂಟೆ ಬರೋ ಕಡೆ."

"ನನ್ನ ಅಡುಗೆಮನೇಲಿ ಗಂಟೆ ಇಲ್ಲ. ಕುಕ್ಕರ್ ಇದೆ, ಅದು ಕೂಗುತ್ತೆ. ಬಾ ಯೂನಿವರ್ಸಿಟಿ, ಟೀ ಆರಿ ಹೋಗ್ತಿದೆ."

ಎರಡು ಡಿಗ್ರಿ ಹಿಡಿದುಕೊಂಡು ಈ ಮನೆಗೆ ಕಾಲಿಟ್ಟ ದಿನದಿಂದ ಸೊಸೆಗೆ ಅತ್ತೆಯ ಬಾಯಲ್ಲಿ ಅದೇ ಹೆಸರು.

ಟೀ ಇನ್ನೂ ತುಟಿಗೆ ಮುಟ್ಟಿರಲಿಲ್ಲ, ಫೋನ್ ಬಡಿದುಕೊಂಡಿತು. ರೇಡಿಯೋ ನಿಲಯದ ಮ್ಯಾನೇಜರ್. ಮಾತು ಮುಗಿಯುವ ಮೊದಲೇ ಫೋನ್ ಇಡುವ ಗಿರಾಕಿ. ನಿಲಯದಲ್ಲಿ ಎಲ್ಲರೂ ಅವರನ್ನು ಗಡಿಬಿಡಿ ಎಂದೇ ಕರೆಯುತ್ತಿದ್ದರು.

"ಅಮ್ಮಾ, ಇಂಥ ಹೊತ್ತಲ್ಲಿ ಹೇಳಬಾರದು. ಹೇಳದೇ ಇರೋಕೂ ಆಗಲ್ಲ. ಗಂಟೆಮೇಷ್ಟ್ರು ಬರ್ತಿದಾರೆ. ಕ್ಷಮಾಪಣೆ ಬರೆಸಿಕೊಂಡೇ ಬರ್ತಿದಾರೆ. ಮನೆಯವರು ಯಾರಾದ್ರೂ ಒಬ್ಬರು ಸಹಿ ಹಾಕಬೇಕಂತೆ, ಇವತ್ತು ಸಂಜೆ ನಾವದನ್ನ ರೇಡಿಯೋದಲ್ಲಿ ಓದಬೇಕಂತೆ. ಇಲ್ದಿದ್ರೆ ಕೋರ್ಟು, ಕಾರ್ಯಕ್ರಮ ಬಂದ್, ಪಾಪ ಅವರ ಹೆಸರೂ..."

ಲೈನ್ ಕಟ್ಟಾಯಿತು.

ಅವಳ ಗಂಡನ ಕಾರ್ಯಕ್ರಮದ ಹೆಸರು 'ಎರಡು ಕಿವಿ'. ವಾರಕ್ಕೊಂದು ಹಾಡು ತೆಗೆದುಕೊಂಡು, ಮೂಲವನ್ನೂ ಅದನ್ನು ಬೇರೆಯವರು ಮರಳಿ ಹಾಡಿದ್ದನ್ನೂ ಪಕ್ಕಪಕ್ಕದಲ್ಲಿಟ್ಟು ತೂಗುತ್ತಿದ್ದ. ಕೊನೆಯ ಕಾರ್ಯಕ್ರಮದಲ್ಲಿ ಅವನು ಬಾಂಬು ಹಾಕಿದ್ದ: ಗಂಟೆಮೇಷ್ಟ್ರ ಸ್ಟುಡಿಯೋದ ಪ್ರಸಿದ್ಧ ರೆಕಾರ್ಡೇ ನಕಲು, ನಕಲೆಂದು ನಾವೆಲ್ಲ ಮೂಗು ಮುರಿಯುವ ಮದುವೆ ಬ್ಯಾಂಡಿನ ಹಳೇ ಕ್ಯಾಸೆಟ್ಟೇ ಮೂಲ. ಪುರಾವೆ ಮುಂದಿನ ವಾರ.

ಮುಂದಿನ ವಾರ ಬರುವ ಮೊದಲೇ ಅವನ ಎದೆ ನಿಂತುಹೋಯಿತು. ಪುರಾವೆ ಏನೆಂದು ಹೆಂಡತಿಗೂ ಹೇಳಿರಲಿಲ್ಲ.

"ಏನಂತೆ?" ಅತ್ತೆ ಕೇಳಿದರು.

ಅವಳು ಹೇಳಿದಳು.

"ಸತ್ತೋನು ಕ್ಷಮೆ ಕೇಳ್ಬೇಕಂತಾ? ಬದುಕಿದ್ದಾಗಲೇ ಕೇಳ್ತಿರಲಿಲ್ಲ ಅವನು." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದವರು, ಮೇಜಿನ ಕೆಳಗೆ ಯಾವುದಕ್ಕೋ ಕಾಲು ಎಡವಿದರು.

ಎಡವಿಸಿಕೊಂಡದ್ದು ನರಳಿತು. ನಿದ್ದೆಯಲ್ಲಿದ್ದ ಎಮ್ಮೆಯನ್ನು ತಿವಿದ ಹಾಗೆ ಒಂದು ಉದ್ದನೆಯ ನರಳಾಟ.

ಅಕಾರ್ಡಿಯನ್, ಹೆಗಲಿಗೆ ಹಾಕಿಕೊಂಡು ತಿದಿ ಎಳೆದು ನುಡಿಸುವ ಸ್ವರಪೆಟ್ಟಿಗೆ. ಕರೀ ಪೆಟ್ಟಿಗೆಯ ಬಾಯಿ ಅರ್ಧ ತೆರೆದಿತ್ತು. ಇಷ್ಟು ದಿನ ಅದರ ಮೇಲೆ ನೆಂಟರ ಬ್ಯಾಗುಗಳಿದ್ದವು.

ಅತ್ತೆ ಅದನ್ನೇ ನೋಡುತ್ತ ನಿಂತರು. "ಇದೆಲ್ಲಿತ್ತು?"

"ಅವರು ತಂದಿದ್ದು. ಗುಂಡಿ ಅಂಗಡಿಯವರದ್ದಂತೆ, ಎರವಲು. ಕಾರ್ಯಕ್ರಮ ಮುಗಿದ ತಕ್ಷಣ ವಾಪಸ್ ಕೊಡ್ಬೇಕು ಅಂತಿದ್ರು."

"ಗುಂಡಿ ಅಂಗಡಿ." ಅತ್ತೆ ಇನ್ನೇನೋ ಹೇಳಲು ಬಾಯಿ ತೆರೆದರು, ಬದಲಿಗೆ, "ಹಾಗೆ ನಿಲ್ಲಿಸಬಾರದು ಕಣೇ ಅದನ್ನ, ಅಡ್ಡಕ್ಕೆ ಮಲಗಿಸ್ಬೇಕು. ಪಟ್ಟಿ ಬಿಗಿ ಮಾಡು, ಇಲ್ದಿದ್ರೆ ಉಸಿರೆಲ್ಲ ಹೋಗುತ್ತೆ" ಎಂದು ಹೇಳಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆಯಲು ಹೊರಟರು.

ಎರವಲು ತಂದದ್ದು. ಕಾರ್ಯಕ್ರಮಕ್ಕೆ. ಅವಳ ತಲೆಯೊಳಗೆ ಬಹಳ ದಿನಗಳಿಂದ ಆರಿಹೋಗಿದ್ದ ದೀಪವೊಂದು ಪಿಳಿಪಿಳಿ ಎಂದಿತು. ಮಾತಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಮನುಷ್ಯ ಇಷ್ಟು ಭಾರದ ವಾದ್ಯವನ್ನು ಮೆಟ್ಟಿಲು ಹತ್ತಿಸಿ ತಂದಿದ್ದನೆಂದರೆ, ಅದು ಸುಮ್ಮನೆ ಅಲ್ಲ.

*

ಗಂಡನ ಕೋಣೆಯಲ್ಲಿ ಎಲ್ಲವೂ ಇದ್ದ ಹಾಗೇ ಇತ್ತು. ಎಡಕ್ಕೆ ಮೇಷ್ಟ್ರ ರೆಕಾರ್ಡ್ ಹಾಕಿಟ್ಟ ರೆಕಾರ್ಡ್ ಪ್ಲೇಯರ್, ಬಲಕ್ಕೆ ಮದುವೆ ಬ್ಯಾಂಡಿನ ಕ್ಯಾಸೆಟ್ ಇದ್ದ ಕ್ಯಾಸೆಟ್ ಪ್ಲೇಯರ್, ನಡುವೆ ಅವನೇ ತಂತಿ ಸೀಳಿ ಬೆಸುಗೆ ಹಾಕಿದ ಹೆಡ್‌ಫೋನ್. ಎಡಗಿವಿಗೆ ಮೂಲ, ಬಲಗಿವಿಗೆ ನಕಲು. ಮಿಕ್ಕವರು ಒಂದಾದ ಮೇಲೊಂದು ಕೇಳಿ ಹೋಲಿಸಿದರೆ ಇವನು ಎರಡನ್ನೂ ಒಟ್ಟಿಗೆ ಕೇಳುತ್ತಿದ್ದ. ಹುಚ್ಚು ಹಿಡಿಯಲ್ವಾ ಎಂದು ಅವಳು ಕೇಳಿದ್ದಕ್ಕೆ, "ಮನೇಲಿ ನೀನು, ಅಮ್ಮ ಒಟ್ಟಿಗೆ ಮಾತಾಡ್ತೀರಲ್ಲ, ಅಭ್ಯಾಸ ಆಗಿದೆ" ಎಂದಿದ್ದ.

ಇನ್ನೊಂದು ಮಾತನ್ನೂ ಹೇಳುತ್ತಿದ್ದ: "ನಕಲು ಮಾಡೋನು ಚೆನ್ನಾಗಿರೋದನ್ನ ಬಿಟ್ರೂ ಬಿಟ್ಟಾನು, ತಪ್ಪನ್ನ ಬಿಡಲ್ಲ. ತಪ್ಪು ಹುಡುಕು."

ಅವಳು ಹೆಡ್‌ಫೋನ್ ಹಾಕಿಕೊಂಡಳು. ಒಳಗಿನ ಸ್ಪಂಜಿನಲ್ಲಿ ಅವನ ತಲೆಯೆಣ್ಣೆಯ ವಾಸನೆ ಇತ್ತು. ಅವಳು ಅದರ ಬಗ್ಗೆ ಯೋಚಿಸದೆ ಎರಡೂ ಗುಂಡಿ ಒತ್ತಿದಳು.

ಮೊದಲು ಬರೀ ಗಲಾಟೆ. ಕ್ಯಾಸೆಟ್ಟು ಸ್ವಲ್ಪ ಮುಂದೆ ಓಡುತ್ತಿತ್ತು. ಅವನು ಮಾಡುತ್ತಿದ್ದಂತೆ ಕ್ಯಾಸೆಟ್ ಪ್ಲೇಯರಿನ ಬೆನ್ನಿನ ವೇಗದ ಸ್ಕ್ರೂವನ್ನು ಚೂರು ಚೂರೇ ತಿರುಗಿಸಿದಳು. ಎರಡು ದನಿಗಳು ನಿಧಾನವಾಗಿ ಹತ್ತಿರ ಬಂದು, ಜಗಳ ಬಿಟ್ಟು, ಒಂದೇ ಮೆಟ್ಟಿಲನ್ನು ಜೊತೆಯಾಗಿ ಹತ್ತತೊಡಗಿದವು. ಎಡಕ್ಕೆ ಸ್ಟುಡಿಯೋದ ತುಂಬು ವಾದ್ಯಗೋಷ್ಠಿ. ಬಲಕ್ಕೆ ಒಬ್ಬ ಹೆಂಗಸಿನ ದನಿ, ಒಂದು ಅಕಾರ್ಡಿಯನ್, ಹಿಂದೆಲ್ಲೋ ಚಮಚ ತಟ್ಟೆಗಳ ಸದ್ದು.

ಸ, ರಿ... ಎರಡೂ ಕಿವಿಗಳಲ್ಲಿ ಮೌನ.

ಎಡಗಿವಿಯಲ್ಲಿ: ಟಿಂಗ್.

ಬಲಗಿವಿಯಲ್ಲಿ: ಟಕ್.

ಅವಳು ನೆಟ್ಟಗೆ ಕುಳಿತಳು. ರೆಕಾರ್ಡನ್ನೂ ಕ್ಯಾಸೆಟ್ಟನ್ನೂ ಹಿಂದಕ್ಕೆ ತಂದು ಮತ್ತೆ ಕೇಳಿದಳು. ಮತ್ತೆ ಟಿಂಗ್, ಮತ್ತೆ ಟಕ್. ಪ್ರತಿ ಚರಣದಲ್ಲೂ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ.

ಓಡಿಹೋಗಿ ಅಕಾರ್ಡಿಯನ್ ಎಳೆದು ತಂದಳು. ತೊಡೆಯ ಮೇಲಿಟ್ಟುಕೊಂಡರೆ ಅದು ಕೂತಲ್ಲಿ ಕೂರದೆ ಜಾರಿತು. ಹಿಂದಿನಿಂದ ಎರಡು ಒದ್ದೆ ಕೈಗಳು ಬಂದು ಬೆಲ್ಟನ್ನು ಅವಳ ಹೆಗಲಿಗೇರಿಸಿ ಬಿಗಿದವು.

"ಈಗ ಎಳಿ. ಮೆಲ್ಲಗೆ. ಬಾಗಿಲು ಎಳೆದ ಹಾಗಲ್ಲ, ಪರದೆ ಎಳೆದ ಹಾಗೆ," ಎಂದು ಹೇಳಿ ಅತ್ತೆ ಹೊರಟೇಹೋದರು.

ಅವಳು ಒಂದೊಂದೇ ಕೀ ಒತ್ತುತ್ತ ಹೋದಳು. ಎಲ್ಲ ಹಾಡಿದವು. ನಡುವಿನದೊಂದು ಮಾತ್ರ ಬಾಯಿ ಬಿಡಲಿಲ್ಲ.

ಟಕ್.

ಅವಳು ನಕ್ಕಳು. ತನ್ನ ನಗುವೇ ಬೇರೆ ಯಾರದೋ ಅನ್ನಿಸಿ ಒಮ್ಮೆ ಬಾಗಿಲ ಕಡೆ ನೋಡಿ, ಮತ್ತೆ ನಕ್ಕಳು. ಈ ವಾದ್ಯದ ಮೇಲೆ ರಾಗ ಕಟ್ಟಿದವರಿಗೆ ಆ ಸ್ವರವೇ ಇರಲಿಲ್ಲ! ಇಲ್ಲದ ಸ್ವರವನ್ನು ಹಾರಿಕೊಂಡು ಹೋಗುವ ರಾಗ ಹುಟ್ಟಿತು. ಹಾಡುವವಳು ಕೇಳಿದ ಹಾಗೇ ಕಲಿತಳು. ನುಡಿಸುವವರ ಬೆರಳು ಮಾತ್ರ ಅಭ್ಯಾಸ ಬಿಡದೆ ಸತ್ತ ಕೀಯನ್ನು ಒತ್ತುತ್ತಲೇ ಇತ್ತು. ಆಮೇಲೆ ಯಾರೋ ಆ ರಾಗವನ್ನು ಹಳ್ಳದ ಸಮೇತ ಎತ್ತಿಕೊಂಡು ಹೋಗಿ, ಹಳ್ಳಕ್ಕೆ ಒಂದು ಬೆಳ್ಳಿಗಂಟೆ ಮುಚ್ಚಿದರು.

"ಅತ್ತೆ! ಚಪ್ಪಲಿ ಹಾಕ್ಕೊಳ್ಳಿ!"

*

ರೇಡಿಯೋ ನಿಲಯದ ಮುಂದೆ ಟ್ಯಾಕ್ಸಿ ನಿಂತಾಗ ಅತ್ತೆ ಇಳಿಯಲು ಒಪ್ಪಲಿಲ್ಲ. ಅಕಾರ್ಡಿಯನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಆ ಮನುಷ್ಯನ ಮುಖ ನೋಡೋಕೆ ನಂಗೆ ಪುರುಸೊತ್ತಿಲ್ಲ. ನೀನು ಹೋಗು. ಬಗ್ಗಬೇಡ" ಎಂದರು.

ಮೇಲಿನ ಮಹಡಿಯ ಕೋಣೆಯ ಗೋಡೆಗಳಿಗೆಲ್ಲ ಸ್ಪಂಜು ಮೆತ್ತಿತ್ತು. ಗಂಟೆಮೇಷ್ಟ್ರು ಎದ್ದು ನಿಂತು ಕೈಮುಗಿದರು. ಬೆಳ್ಳಿಕೂದಲು, ಜೇನಿನಂಥ ಮಾತು, ಕೋಟಿನ ಎದೆಯ ಮೇಲೆ ಪುಟ್ಟ ಗಂಟೆಯ ಪಿನ್ನು.

"ನಿನ್ನ ದುಃಖ ದೊಡ್ಡದು ಮಗಳೇ. ಅದಕ್ಕೇ ನಾನೇ ಬರೆಸಿಕೊಂಡು ಬಂದೆ. ನೀನು ಸಹಿ ಹಾಕಿದ್ರೆ ಸಾಕು."

ಗಡಿಬಿಡಿ ಪೆನ್ನಿನ ಮುಚ್ಚಳ ತೆಗೆದು ಹಿಡಿದೇ ಇದ್ದರು.

"ಒಂದೇ ಒಂದು ಮಾತು ಕೇಳ್ತೀನಿ ಸಾರ್. ಆ ಗಂಟೆ ಯಾಕೆ ಬಂತು ಅಲ್ಲಿ?"

ಮೇಷ್ಟ್ರ ಮುಖ ಅರಳಿತು. ಆ ಪ್ರಶ್ನೆಗೆ ಉತ್ತರ ಹೇಳಿ ಹೇಳಿಯೇ ಅವರಿಗೆ ಕೂದಲು ನೆರೆತಿತ್ತು. "ಪಿಯಾನೋ ಮುಂದೆ ಕೂತಿದ್ದೆ. ಆ ಮೌನ ತಾನಾಗಿ ಬಂತು. ಮೌನ ಬಂದ ಮೇಲೆ ಗಂಟೆ ಬಂತು."

"ನಿಮ್ಮ ಪಿಯಾನೋದಲ್ಲಿ ಆ ಸ್ವರ ಇದೆಯಲ್ಲ ಸಾರ್?"

"ಇಲ್ದೆ ಏನು? ಎಲ್ಲಾ ಇದೆ."

"ಎಲ್ಲಾ ಇದ್ದೂ ಪ್ರತಿ ಚರಣದಲ್ಲೂ ಅದನ್ನೇ ಬಿಟ್ರಿ?"

"ಕಲೆ, ಮಗಳೇ. ಬಿಡೋದೇ ಕಲೆ."

"ಹಾಗಿದ್ರೆ ಇದನ್ನ ಕೇಳಿ." ಅವಳು ಕ್ಯಾಸೆಟ್ ಹಾಕಿದಳು. ಸ, ರಿ... ಟಕ್.

"ಇಲಿನಾ?" ಗಡಿಬಿಡಿ ಕಾಲು ಮೇಲೆತ್ತಿಕೊಂಡರು.

"ಅಕಾರ್ಡಿಯನ್ನಿನ ಕೆಟ್ಟ ಕೀ. ಆ ಪೆಟ್ಟಿಗೆಗೆ ಆ ಸ್ವರ ಬರೋದೇ ಇಲ್ಲ. ಅದಕ್ಕೇ ರಾಗ ಅಲ್ಲಿ ಹಾರುತ್ತೆ. ನಿಮ್ಮ ಪಿಯಾನೋಗೆ ಹಾರೋ ಅಗತ್ಯ ಇರಲಿಲ್ಲ ಸಾರ್. ಆದ್ರೂ ಹಾರಿತು. ಅದೇ ಜಾಗದಲ್ಲಿ."

ಗಡಿಬಿಡಿಯ ಕೈಯಲ್ಲಿದ್ದ ಮುಚ್ಚಳ ತಾನಾಗಿ ಪೆನ್ನಿನ ಮೇಲೆ ಹೋಗಿ ಕೂತಿತು.

ಮೇಷ್ಟ್ರು ಗಾಬರಿಯಾಗಲಿಲ್ಲ. ಮೆಲ್ಲಗೆ ಚಪ್ಪಾಳೆ ತಟ್ಟಿದರು. "ಓದಿದ ಹುಡುಗಿ. ಆದ್ರೆ ಆ ಕ್ಯಾಸೆಟ್ ಬಂದದ್ದು ನನ್ನ ರೆಕಾರ್ಡ್ ಆದ ಮೇಲೆ, ಅದು ಜಗತ್ತಿಗೇ ಗೊತ್ತು. ನನ್ನ ಹಾಡನ್ನ ಅವರು ಕೆಟ್ಟ ಪೆಟ್ಟಿಗೇಲಿ ನುಡಿಸಿದ್ರು, ಅಷ್ಟೇ. ಆ ಕೀ ಯಾವಾಗ ಕೆಟ್ಟಿದ್ದು? ನನ್ನ ರೆಕಾರ್ಡಿಗೆ ಮುಂಚೆಯೋ, ಆಮೇಲೋ? ನಿಂಗೊತ್ತಾ?"

ಅವಳಿಗೆ ಗೊತ್ತಿರಲಿಲ್ಲ. ಗಂಡ ಈ ಪ್ರಶ್ನೆಗೆ ಉತ್ತರ ತಿಳಿದುಕೊಂಡೇ ಮೈಕಿನ ಮುಂದೆ ಕುಳಿತಿದ್ದಿರಬೇಕು. ಅವನು ಹಾಗೆಲ್ಲ ಗಾಳಿಗೆ ಗುಂಡು ಹೊಡೆಯುವವನಲ್ಲ.

"ಪೆಟ್ಟಿಗೆ ಯಾರದೋ ಅವರಿಗೆ ಗೊತ್ತಿರುತ್ತೆ," ಎಂದಳು. "ಈಗಲೇ ಹೋಗಿ ಕೇಳ್ತೀನಿ. ಪೆಟ್ಟಿಗೆ ಕೆಳಗೆ ಟ್ಯಾಕ್ಸೀಲೇ ಇದೆ."

"ಯಾವ ಪೆಟ್ಟಿಗೇನೋ ನೋಡೋಣ," ಎನ್ನುತ್ತ ಮೇಷ್ಟ್ರು ನಗುನಗುತ್ತಲೇ ಕಿಟಕಿಗೆ ಬಂದು ಬಗ್ಗಿದರು.

ಕೆಳಗೆ ಟ್ಯಾಕ್ಸಿಯ ಬಾಗಿಲು ತೆರೆದಿತ್ತು. ಸೆಕೆ ತಡೆಯಲಾರದೆ ಅತ್ತೆ ಹೊರಗೆ ಕಾಲು ಚಾಚಿ ಕುಳಿತು, ಡ್ರೈವರನಿಗೆ ಏನೋ ಬುದ್ಧಿ ಹೇಳುತ್ತಿದ್ದರು.

ಮೇಷ್ಟ್ರ ನಗು ಅರ್ಧಕ್ಕೇ ನಿಂತಿತು. "ಅದು... ಅವರು ಯಾರು?"

"ನಮ್ಮತ್ತೆ. ಅವರ ತಾಯಿ."

"ತಾಯಿ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. ಆಮೇಲೆ ಸಹಿಯ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, "ಸಂಜೆ ತನಕ ಟೈಮ್ ತಗೋ ಮಗಳೇ, ಅವಸರ ಇಲ್ಲ," ಎಂದು ಅವಸರವಾಗಿ ಹೊರಟುಹೋದರು. ಹಿಂದಿನ ಬಾಗಿಲಿನಿಂದ.

"ಗೆದ್ದುಬಿಟ್ರಿ ಅಮ್ಮಾ!" ಗಡಿಬಿಡಿ ಕುರ್ಚಿಯಿಂದ ಜಿಗಿದರು. "ಆ ಮನುಷ್ಯ ಕಾಫಿ ಬಿಟ್ಟು ಹೋಗಿದ್ದನ್ನ ನಾನು ಇದೇ ಮೊದಲು ನೋಡಿದ್ದು!"

ತಾನು ಗೆದ್ದೆ ಎಂದೇ ಅವಳೂ ಅಂದುಕೊಂಡಳು.

*

ಗುಂಡಿ ಅಂಗಡಿ ಇದ್ದದ್ದು ಟ್ಯಾಕ್ಸಿ ಹೋಗಲಾರದ ಸಂದಿಯಲ್ಲಿ.

"ಬನ್ನಿ ಅತ್ತೆ, ಒಂದು ಕೈ ಹಿಡೀರಿ."

"ಗುಂಡಿ ಅಂಗಡೀಲಿ ನಂಗೇನು ಕೆಲಸ? ಮಂಡಿ ನೋವು. ನೀನೇ ಹೊತ್ಕೊಂಡು ಹೋಗು, ಓದಿದ್ದು ಅರಗುತ್ತೆ." ಅತ್ತೆ ಮುಖ ಆಚೆ ತಿರುಗಿಸಿ ಕೂತರು.

ನೆಲದಿಂದ ಸೂರಿನವರೆಗೆ ಗಾಜಿನ ಭರಣಿಗಳು. ಭರಣಿಗಳ ತುಂಬ ಗುಂಡಿಗಳು: ಚಿಪ್ಪಿನವು, ಮರದವು, ಹಿತ್ತಾಳೆಯವು, ಮಗುವಿನ ಸ್ವೆಟರಿಗೆ ಹಾಕುವ ಬಾತುಕೋಳಿಯವು. ಅವುಗಳ ನಡುವೆ ಎತ್ತರದ ಸ್ಟೂಲಿನ ಮೇಲೆ ದಪ್ಪ ಹೆಂಗಸೊಬ್ಬರು, ಬಾಯಲ್ಲಿ ಸೂಜಿ ಕಚ್ಚಿಕೊಂಡು ಕುಳಿತಿದ್ದರು. ಪೆಟ್ಟಿಗೆ ನೋಡಿದ್ದೇ ಸೂಜಿ ತೆಗೆದರು.

"ನೀನು ಅವರ ಹೆಂಡ್ತೀನಾ?"

ಆ ದನಿ! ಬಲಗಿವಿಯ ದನಿ. ವಯಸ್ಸಾಗಿ ಸ್ವಲ್ಪ ಇಳಿದಿತ್ತು, ಅಷ್ಟೇ.

"ಹೌದು ಅಕ್ಕ. ಅವರು..." ಅವಳು ಪೆಟ್ಟಿಗೆಯನ್ನು ಅವರ ಮುಂದಿಟ್ಟಳು. "ಕೊಟ್ಟ ಮಾತಿಗಿಂತ ಸ್ವಲ್ಪ ತಡ ಆಯ್ತು. ಅವರ ಪರವಾಗಿ ನಾನು ವಾಪಸ್ ಕೊಡ್ತಿದೀನಿ."

ಗುಂಡಿಯಕ್ಕ ಸ್ಟೂಲಿನಿಂದಿಳಿದು ಬಂದು ಅವಳ ಕೆನ್ನೆ ಹಿಡಿದರು. "ರೇಡಿಯೋದಲ್ಲಿ ಕೇಳಿದೆ ಕಣಮ್ಮ. ಇಂಥ ತಡ ಯಾರಿಗೂ ಬೇಡ." ಧೈರ್ಯ ತಂದುಕೋ ಎಂದು ಅವರು ಹೇಳಲಿಲ್ಲ. ಅದಕ್ಕೆ ಅವಳಿಗೆ ಅವರು ತುಂಬ ಇಷ್ಟವಾದರು.

"ಅಕ್ಕ, ನಡುವಿನ ಒಂದು ಕೀ ಯಾವಾಗ ಕೆಟ್ಟಿದ್ದು?"

"ಅಯ್ಯೋ, ಅದೊಂದು ಕತೆ!" ಗುಂಡಿಯಕ್ಕ ಹೊಟ್ಟೆ ಕುಣಿಸಿ ನಕ್ಕರು. "ನಮ್ಮ ಬ್ಯಾಂಡಲ್ಲಿ ತಾಳ ತಟ್ಟೋನೊಬ್ಬ ಇದ್ದ, ಸಣಕಲ. ಮದುವೆ ಸ್ಟೇಜ್ ಹತ್ತೋವಾಗ ಪೆಟ್ಟಿಗೆ ಬೀಳಿಸಿದ. ಆ ಒಂದು ಕೀ ಮೂಕಾಯ್ತು. ಹೊಸ ಹಾಡಿನ ಮಧ್ಯೆ ಸ್ವರ ಕೈಕೊಟ್ಟ ಕಡೆಯೆಲ್ಲ ಜನ ನಗಬಾರದು ಅಂತ ಅವನು ಕೈಲಿದ್ದ ಗಂಟೆ ಬಾರಿಸಿ ಮುಚ್ಚಿಬಿಡ್ತಿದ್ದ. ಟಿಂಗ್! ಆಮೇಲೆ ನಮ್ಮನ್ನ ಬಿಟ್ಟು ಹೋಗಿ ಸ್ಟುಡಿಯೋ ಕಟ್ಟಿದ. ಈಗ ಕೋಟಿಗೆ ಗಂಟೆ ಚುಚ್ಕೊಂಡು ಓಡಾಡ್ತಾನೆ. ನಾವು ಕ್ಯಾಸೆಟ್ ಮಾಡೋ ಹೊತ್ತಿಗೆ ಊರಿಗೆಲ್ಲ ಅದು ಅವನ ಹಾಡಾಗಿತ್ತು."

ಕೀ ಮೊದಲು, ರೆಕಾರ್ಡ್ ಆಮೇಲೆ. ಬೀಳಿಸಿದವನೇ ಸಾಕ್ಷಿ! "ಅಕ್ಕ, ಇದನ್ನ ಸಂಜೆ ರೇಡಿಯೋದಲ್ಲಿ ಹೇಳ್ತೀರಾ? ನಿಮ್ಮ ಹಾಡು ನಿಮಗೆ ಬರುತ್ತೆ."

"ನನ್ನ ಹಾಡಾ? ನಾನು ಹಾಡಿದವಳು ಕಣಮ್ಮ. ಕಟ್ಟಿದವಳು ಪೆಟ್ಟಿಗೆ ನುಡಿಸ್ತಿದ್ದವಳು. ನಾವೆಲ್ಲ ಹಳ್ಳ ಹಾರಿಕೊಂಡು ಹಾಡಿದ್ರೆ ಅವಳೊಬ್ಬಳೇ ಪೂರ್ತಿ ಹಾಡೋಳು. ತನ್ನ ಮನಸ್ಸಲ್ಲಿದ್ದ ಸ್ವರ ಅವಳಿಗಲ್ದೆ ಇನ್ಯಾರಿಗೆ ಗೊತ್ತು? ಹೀಗೆ."

ಗುಂಡಿಯಕ್ಕ ಗುನುಗಿದರು. ಸ, ರಿ, ಗ, ಮ. ನಿಲ್ಲದೆ, ಗಂಟೆಗೆ ಎಡೆಗೊಡದೆ, ಸರಾಗವಾಗಿ.

ಭರಣಿಗಳೆಲ್ಲ ಒಮ್ಮೆ ಅಲುಗಾಡಿದ ಹಾಗಾಯಿತು.

"ನಿನ್ನ ಗಂಡನೂ ಹೀಗೇ ಬೆಚ್ಚಿಬಿದ್ದಿದ್ರು," ಎಂದರು ಗುಂಡಿಯಕ್ಕ. "'ನಮ್ಮಮ್ಮ ದಿನಾ ಹೀಗೇ ತಪ್ಪಾಗಿ ಹಾಡ್ತಾಳೆ' ಅಂದ್ರು. ಆಮೇಲೆ ಇದೇ ಸ್ಟೂಲಿನ ಮೇಲೆ ಕೂತು ಅತ್ತೂ ಬಿಟ್ರು, ನಕ್ಕೂ ಬಿಟ್ರು. ಅಮ್ಮನಿಗೆ ಹೇಳಲ್ಲ, ರೇಡಿಯೋದಲ್ಲೇ ಕೇಳಲಿ ಅಂದ್ರು. ಅವಳು ಹೇಗಿದಾಳಮ್ಮ? ಮದುವೆ ಆಗಿ ಹೋದವಳು ಒಂದು ಸಲಾನೂ ತಿರುಗಿ ನೋಡಲಿಲ್ಲ."

"ಇಲ್ಲೇ ಇದಾರೆ," ಎಂದಳು ಅವಳು. "ಟ್ಯಾಕ್ಸೀಲಿ!"

ಸಂದಿಯುದ್ದಕ್ಕೂ ಓಡಿದಳು.

ಟ್ಯಾಕ್ಸಿಯ ಹಿಂದಿನ ಸೀಟು ಖಾಲಿ. ಡ್ರೈವರ್ ಬಾನೆಟ್ಟಿಗೆ ಒರಗಿ, ಸಿನಿಮಾ ನೋಡಿ ಬಂದವನ ಮುಖ ಮಾಡಿಕೊಂಡು ನಿಂತಿದ್ದ.

"ಅಮ್ಮಾವ್ರು ಹೋದ್ರಲ್ಲ ಮೇಡಂ. ರೇಡಿಯೋ ಹತ್ರದಿಂದ ನಮ್ಮ ಹಿಂದೇನೇ ಉದ್ದ ಕಾರೊಂದು ಬಂತು. ಕೋಟು ಹಾಕಿದ ಯಜಮಾನರು ಇಳಿದು ಕಾಲಿಗೇ ಬೀಳೋಕೆ ಬಂದ್ರು. ಅಮ್ಮಾವ್ರು, 'ಬಾರೋ ಸಣಕಲ' ಅಂತ ಅವರ ಕಿವಿ ಹಿಡಿದು ಹಿಂಡಿದ್ರು ನೋಡಿ!"

"ಆಮೇಲೆ?"

"ಆಮೇಲೆ ಇಬ್ಬರೂ ಏನೋ ಪಿಸಿಪಿಸಿ ಮಾತಾಡಿದ್ರು. 'ಸತ್ತ ಮಗನ್ನ ಕೋರ್ಟು ಹತ್ತಿಸಬೇಡ' ಅಂತ ಅಮ್ಮಾವ್ರು ಅಂದಿದ್ದಷ್ಟೇ ನಂಗೆ ಕೇಳಿಸ್ತು. ಯಜಮಾನರು ಜೇಬಿಂದ ಕಾಗದ ತೆಗೆದ್ರು. ಅಮ್ಮಾವ್ರು ಪೂರ್ತಿ ಓದಿ, ನನ್ನ ಹತ್ರ ಪೆನ್ನು ಇಸ್ಕೊಂಡು ಸಹಿ ಹಾಕಿಕೊಟ್ರು. ಕಾರು ಹತ್ತಿ ಹೊರಟೇಹೋದ್ರು."

"ಯಾವ ಕಾಗದ?"

"ಮೇಲ್ಗಡೆ ದಪ್ಪಕ್ಷರದಲ್ಲಿ 'ಕ್ಷಮಾಪಣೆ' ಅಂತಿತ್ತು ಮೇಡಂ."

ಹಾಡು ಕಟ್ಟಿದವಳೇ, ಹಾಡಿಗಾಗಿ ಹೋರಾಡಿದ ಮಗ ಸುಳ್ಳು ಹೇಳಿದ ಎಂದು ಸಹಿ ಹಾಕಿದ್ದಾಳೆ.

ಹಿಂದೆ, ಸಂದಿಯ ಕೊನೆಯಲ್ಲಿ, ಗುಂಡಿಯಕ್ಕ ತಮ್ಮ ಪೆಟ್ಟಿಗೆಯನ್ನು ತೊಡೆಗೇರಿಸಿಕೊಂಡು ಪರೀಕ್ಷೆ ಮಾಡುತ್ತಿದ್ದರು. ಪರದೆ ಎಳೆದ ಹಾಗೆ ಮೆಲ್ಲಗೆ. ಸ, ರಿ...

ಟಕ್.